ಶಾಲೆಯ ಬಸ್ಸು ಬರುವುದು ನಿಂತ ಮೇಲೆ

2023ರ ಜೂನ್ ತಿಂಗಳು. ಶಿವಮೊಗ್ಗದಲ್ಲಿ ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ನಮ್ಮ ಮುನ್ನಾ ಎಂದಿನಂತೆ ಸಮವಸ್ತ್ರ ತೊಟ್ಟು, ಬೆನ್ನಿಗೆ ಚೀಲ ಏರಿಸಿಕೊಂಡು ಗೇಟಿನ ಬಳಿ ಹೋಗಿ ನಿಂತ. ಬಸ್ಸು ಬರಲಿಲ್ಲ. ಬರುವಂತೆಯೂ ಇರಲಿಲ್ಲ. ಹದಿನೆಂಟು ತುಂಬಿದವರನ್ನು ಅವನ ವಿಶೇಷ ಶಾಲೆ ಇಟ್ಟುಕೊಳ್ಳುವುದಿಲ್ಲ. ಮಾರ್ಚ್ ತಿಂಗಳಲ್ಲೇ ಬೀಳ್ಕೊಡುಗೆ ಮಾಡಿ, ಹಾರ ಹಾಕಿ, ಫೋಟೋ ತೆಗೆದು ಕಳಿಸಿದ್ದರು. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಗೊತ್ತಿಲ್ಲದವನು ಅವನೊಬ್ಬನೇ.

ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಆಪಾ ಹೋಗಿ ಕೈ ಹಿಡಿದು ಕರೆದರು. ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತನ್ನ ಕೈಯನ್ನೇ ಕಚ್ಚಿಕೊಂಡು ಕೂಗತೊಡಗಿದ. ನಾವು ಇಬ್ಬರು ಸೇರಿ ಅವನನ್ನು ಒಳಗೆ ಎಳೆದುಕೊಂಡು ಬಂದೆವು. ಮರುದಿನವೂ ಹಾಗೆಯೇ. ಹೀಗೆ ಹತ್ತೊಂಬತ್ತು ದಿನ.

ಮುನ್ನಾ ನಮ್ಮ ಅಕ್ಕನ ಮಗ. ಅಕ್ಕನನ್ನು ನಾವು ಆಪಾ ಎಂದೇ ಕರೆಯುವುದು. ಅವನಿಗೆ ನಾಲ್ಕು ವರ್ಷವಾದರೂ ಮಾತು ಬಾರದಿದ್ದಾಗ ತಾವೀಜು ಕಟ್ಟಿಸಿದೆವು, ದರ್ಗಾಗಳಿಗೆ ಕರೆದೊಯ್ದೆವು. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದಾಗ ಆಟಿಸಂ ಎಂಬ ಶಬ್ದವನ್ನು ಮೊದಲ ಬಾರಿಗೆ ಕೇಳಿದೆವು. 2015ರಲ್ಲಿ ಭಾವ ತೀರಿಕೊಂಡರು. ಆಗ ಅವನಿಗೆ ಹತ್ತು ವರ್ಷ, ಅವನ ತಂಗಿಗೆ ಏಳು. ಅಂದಿನಿಂದ ಆಪಾ ಮಕ್ಕಳೊಂದಿಗೆ ನಮ್ಮ ಮನೆಯಲ್ಲೇ ಇದ್ದಾರೆ. ನಾವು ಎಂದರೆ ಅಮ್ಮಿ, ನಾವಿಬ್ಬರು ಸಹೋದರರು, ನಮ್ಮ ಹೆಂಡಂದಿರು. ಇಲ್ಲಿ ಬರೆಯುತ್ತಿರುವುದರಲ್ಲಿ ಯಾವುದು ಯಾರ ತಪ್ಪು ಎಂದು ಬೇರ್ಪಡಿಸಲು ಆಗುವುದಿಲ್ಲ. ಎಲ್ಲವೂ ಎಲ್ಲರದ್ದೇ.

ಮುನ್ನಾನ ಮಾತು ಕಡಿಮೆ. ಇರುವ ಮಾತನ್ನು ಅವನು ಎರಡು ಭಾಷೆಗೂ ಹಂಚಿಟ್ಟಿದ್ದಾನೆ. ಲೆಕ್ಕವೆಲ್ಲ ಕನ್ನಡದಲ್ಲಿ, ಏಕೆಂದರೆ ಶಾಲೆಯದ್ದು ಕನ್ನಡ. ಹಸಿವು, ನೀರು, ನಿದ್ದೆ ಎಲ್ಲ ಮನೆಯ ಉರ್ದುವಿನಲ್ಲಿ. ಅಂಕಿಗಳೆಂದರೆ ಪ್ರಾಣ. ಬಸ್ಸಿನ ನಂಬರು, ಕ್ಯಾಲೆಂಡರಿನ ತಾರೀಖು, ಗ್ಯಾಸ್ ಸಿಲಿಂಡರಿನ ಮೇಲಿನ ಸಂಖ್ಯೆ, ಒಮ್ಮೆ ನೋಡಿದರೆ ಮರೆಯುವುದಿಲ್ಲ. ಕುಕ್ಕರ್ ಕೂಗಿದರೆ ಮಾತ್ರ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾನೆ.

ಇಪ್ಪತ್ತನೆಯ ದಿನ ಅವನ ಶಾಲೆಯ ಟೀಚರ್ ತಾವಾಗಿಯೇ ಮನೆಗೆ ಬಂದರು. ಆಪಾ ಅಳುತ್ತಾ ಎಲ್ಲವನ್ನೂ ಹೇಳಿಕೊಂಡರು. ಟೀಚರ್ ಕೇಳಿಸಿಕೊಂಡು, "ಇವನಿಗೆ ಹದಿನಾಲ್ಕು ತುಂಬಿದಾಗಲೇ ನಿಮ್ಮನ್ನೆಲ್ಲ ಕರೆದಿದ್ದೆವಲ್ಲ, ಮುಂದೇನು ಅಂತ ಮಾತಾಡೋಣ ಅಂತ" ಎಂದರು. ಹೌದು, 2019ರಲ್ಲಿ ಚೀಟಿ ಬಂದಿತ್ತು. ಆ ದಿನ ಸಂಬಂಧಿಕರ ವಲೀಮಾ ಊಟವಿತ್ತೆಂದು ನಾವು ಯಾರೂ ಹೋಗಲಿಲ್ಲ. ಆಪಾ ಒಬ್ಬರೇ ಹೋಗಿ, "ಅಣ್ಣತಮ್ಮಂದಿರನ್ನು ಕೇಳಿ ಹೇಳುತ್ತೇನೆ" ಎಂದು ಬಂದಿದ್ದರು. ನಾವು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ. ಮರುವರ್ಷ ಕೊರೊನಾ ಬಂತು, ಶಾಲೆ ಮುಚ್ಚಿತು. ಮತ್ತೆ ತೆರೆಯುವ ವೇಳೆಗೆ ಹುಡುಗನಿಗೆ ಮೀಸೆ ಬಂದಿತ್ತು.

ಟೀಚರ್ ಅಂದು ಹೇಳಿದ ಒಂದು ಸಂಗತಿ ನಮ್ಮನ್ನು ಕಾಡಿತು. ಅಮೆರಿಕದ ಕಾನೂನಿನ ಪ್ರಕಾರ ಇಂಥ ವಿದ್ಯಾರ್ಥಿಗೆ ಹದಿನಾರು ತುಂಬುವುದರೊಳಗೆ ಶಾಲೆಯೇ ಅವನ ಮುಂದಿನ ಬದುಕಿನ ಯೋಜನೆಯನ್ನು ಬರೆದಿಡಬೇಕಂತೆ. ಎಲ್ಲಿ ಕೆಲಸ, ಎಲ್ಲಿ ವಾಸ, ಏನು ಕಲಿಯಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಅದಕ್ಕಾಗಿ ಸೇರುವ ಸಭೆಗೆ ಆ ವಿದ್ಯಾರ್ಥಿಯನ್ನೂ ಕರೆಯುವುದು ಕಡ್ಡಾಯ. ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು 21 ವೈಕಲ್ಯಗಳಲ್ಲಿ ಒಂದೆಂದು ಸೇರಿಸಿದೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಸರ್ಕಾರಿ ಕೆಲಸದಲ್ಲಿ ಶೇ. 4 ಮೀಸಲಾತಿ ಇದೆ, ಅದರಲ್ಲಿ ಶೇ. 1ನ್ನು ಆಟಿಸಂ ಇರುವವರು ಬೇರೆ ಕೆಲವು ವೈಕಲ್ಯಗಳವರೊಂದಿಗೆ ಹಂಚಿಕೊಳ್ಳಬೇಕು. ಈ ಕಡೆ ಶಾಲೆ, ಆ ಕಡೆ ಪರೀಕ್ಷೆ ಬರೆದು ಪಡೆಯುವ ನೌಕರಿ. ನಡುವೆ ಇರುವ ಹಳ್ಳವನ್ನು ಮನೆಯವರೇ ದಾಟಿಸಬೇಕು. ಮುನ್ನಾ ಆ ಹಳ್ಳದ ಈ ದಡದಲ್ಲಿ, ನಮ್ಮ ಗೇಟಿನ ಬಳಿ ನಿಂತಿದ್ದ.

ನಾವು ಯೋಚನೆಯನ್ನೇ ಮಾಡಿರಲಿಲ್ಲ ಎಂದಲ್ಲ. ನಮ್ಮ ಯೋಚನೆಯೆಲ್ಲ 'ಆಪಾ ನಂತರ ಇವನನ್ನು ನೋಡಿಕೊಳ್ಳುವವರು ಯಾರು' ಎಂಬ ಒಂದೇ ಪ್ರಶ್ನೆಯ ಸುತ್ತ ಇತ್ತು. ಮೊದಲು ತಂಗಿ ಇದ್ದಾಳಲ್ಲ ಎಂದುಕೊಂಡೆವು. ಆ ಹುಡುಗಿಗೆ ಆಗ ಹದಿನೈದು. ಅವಳನ್ನು ಕೇಳಿರಲಿಲ್ಲ. ಆಮೇಲೆ ಮನೆಯ ಹಿರಿಯರೊಬ್ಬರು, ಇನ್ನೆರಡು ಮೂರು ವರ್ಷದಲ್ಲಿ ಇವನಿಗೊಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ ಎಂದರು. ಭದ್ರಾವತಿ ಕಡೆಯ ಒಂದು ಬಡ ಮನೆಯನ್ನೂ ತೋರಿಸಿದರು. ತಂದೆಯಿಲ್ಲದ ಮನೆ, ಮೂರು ಹೆಣ್ಣುಮಕ್ಕಳು. ಈಗಲೇ ಮಾತು ಮುಗಿಸಿಡೋಣ, ವಯಸ್ಸು ತುಂಬಿದ ಮೇಲೆ ನಿಕಾಹ್ ಎಂದರು. ವರದಕ್ಷಿಣೆ ಬೇಡ, ಮಹರ್ ಹೆಚ್ಚಿಗೆ ಕೊಡುತ್ತೇವೆ ಎಂದು ಹೇಳುವಾಗ ನಮಗೆ ಪುಣ್ಯದ ಕೆಲಸವೊಂದನ್ನು ಮಾಡುತ್ತಿರುವಂಥ ಭಾವನೆ ಇತ್ತು.

ನಾವು ಹೋದೆವು. ಅವರ ಚಾಪೆಯ ಮೇಲೆ ಕುಳಿತು ಅವರ ಚಹಾ ಕುಡಿದೆವು. ಹುಡುಗ ಸ್ವಲ್ಪ ಮೌನಿ, ಮುಗ್ಧ ಎಂದೆವು. ಒಳಗಿನ ಕೋಣೆಯಲ್ಲಿ ಆ ಹುಡುಗಿ ಆಪಾರನ್ನು, "ಅವರಿಗೆ ಈ ಮದುವೆ ಬೇಕಂತಾ?" ಎಂದು ಕೇಳಿದಳಂತೆ. ಆಪಾ ಉತ್ತರಿಸಲಿಲ್ಲ. ಹಿಂತಿರುಗುವಾಗ ಬಸ್ಸಿನಲ್ಲಿ ನಾವು ಆ ಹಿರಿಯರಿಗೆ, ನಿಕಾಹ್ ಎಂದರೆ ಅವನ ಒಪ್ಪಿಗೆ ಬೇಡವೇ ಎಂದೆವು. ಅವರು ನಕ್ಕು, "ಕುಬೂಲ್ ಅನ್ನಿಸೋದು ಏನು ಮಹಾ? ನೀವು ಹೇಳಿಕೊಟ್ಟದ್ದನ್ನೆಲ್ಲ ಹಿಂದೆಯೇ ಹೇಳ್ತಾನಲ್ಲ" ಎಂದರು. ಅದು ನಿಜವಾಗಿತ್ತು. ಯಾವ ಮಾತನ್ನು ಹೇಳಿದರೂ ಮುನ್ನಾ ಅದನ್ನೇ ತಿರುಗಿ ಹೇಳುತ್ತಾನೆ. ಅದು ಆಟಿಸಂನ ಒಂದು ಲಕ್ಷಣ. ಆ ಲಕ್ಷಣವನ್ನೇ ಒಪ್ಪಿಗೆಯಾಗಿ ಬಳಸಿಕೊಳ್ಳಲು ನಾವು ಹೊರಟಿದ್ದೆವು. ಆಟಿಸಂ ಇರುವವರು ಮದುವೆಯಾಗಬಾರದು ಎಂದು ನಾವು ಹೇಳುತ್ತಿಲ್ಲ. ಮದುವೆ ಎಂದರೇನೆಂದು ತಿಳಿದು, ಬೇಕೆಂದು ಆದವರು ಎಷ್ಟೋ ಜನ ಇದ್ದಾರೆ. ನಾವು ಹುಡುಕುತ್ತಿದ್ದದ್ದು ಸೊಸೆಯನ್ನಲ್ಲ, ಸಂಬಳವಿಲ್ಲದ ದಾದಿಯನ್ನು. ಮರುದಿನ ಆಪಾ ತಾವೇ ಫೋನ್ ಮಾಡಿ ಆ ತಾಯಿಯ ಕ್ಷಮೆ ಕೇಳಿ ಮಾತು ಮುರಿದರು. 'ಅವರಿಗೆ ಬೇಕಂತಾ' ಎಂಬ ಪ್ರಶ್ನೆ ಮಾತ್ರ ನಮ್ಮ ಮನೆಯಲ್ಲಿ ಉಳಿಯಿತು. ಅವನ ಹದಿನೆಂಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಮೊದಲು ಕೇಳಿದವಳು ಅವನನ್ನು ನೋಡದೇ ಇದ್ದ ಆ ಹುಡುಗಿ.

ಅದೇ ಜೂನ್‌ನಲ್ಲಿ ಅಮೆರಿಕದಲ್ಲಿ ಡೊನಾಲ್ಡ್ ಟ್ರಿಪ್ಲೆಟ್ ಎಂಬವರು 89ನೇ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ಓದಿದೆವು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ಬಗ್ಗೆ ಬರೆದ ಲೇಖನದಿಂದಲೇ ಆಟಿಸಂ ಜಗತ್ತಿಗೆ ಪರಿಚಯವಾದದ್ದು. ಅದರಲ್ಲಿ ಮೊದಲನೆಯ ಮಗು ಈ ಡೊನಾಲ್ಡ್. ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವರು. ಮೂರು ವರ್ಷದ ಮಗುವನ್ನು ತಂದೆತಾಯಿ ಒಂದು ಸಂಸ್ಥೆಗೆ ಸೇರಿಸಿ, ಸುಮಾರು ಒಂದು ವರ್ಷದ ಮೇಲೆ ಮನೆಗೆ ವಾಪಸ್ ತಂದರು. ಮುಂದೆ ಕೆಲವು ವರ್ಷ ಅವನು ಒಬ್ಬ ರೈತ ದಂಪತಿಯ ಮನೆಯಲ್ಲಿದ್ದ. ಹುಡುಗನಿಗೆ ಅಳೆಯುವ, ಎಣಿಸುವ ಹುಚ್ಚು. ಆ ರೈತ ಅದನ್ನು ಬಿಡಿಸಲು ಹೋಗಲಿಲ್ಲ. ಬಾವಿ ತೋಡುವಾಗ ಆಳ ಅಳೆಯಲು ಬಿಟ್ಟ. ಜೋಳದ ಸಾಲು ಎಣಿಸುತ್ತಾ ಎಣಿಸುತ್ತಾ ಹುಡುಗ ಉಳುವುದನ್ನು ಕಲಿತ. ಮುಂದೆ ಡೊನಾಲ್ಡ್ 1958ರಲ್ಲಿ ಪದವಿ ಮುಗಿಸಿ, ತನ್ನ ಊರಿನ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದರು. ಕಾರು ಓಡಿಸಿದರು, ಗಾಲ್ಫ್ ಆಡಿದರು, ಒಬ್ಬರೇ ದೇಶ ದೇಶ ಸುತ್ತಿದರು. ಊರಿಗೆ ಊರೇ ಅವರನ್ನು ತನ್ನವರೆಂದುಕೊಂಡಿತು.

1971ರಲ್ಲಿ ಕ್ಯಾನರ್ ಆ ಹನ್ನೊಂದು ಮಕ್ಕಳು ಏನಾದರೆಂದು ಹುಡುಕಿದಾಗ, ಸರ್ಕಾರಿ ಆಸ್ಪತ್ರೆಗಳಿಗೆ ಸೇರಿಸಲ್ಪಟ್ಟವರು ಇದ್ದ ಸಾಮರ್ಥ್ಯವನ್ನೂ ಕಳೆದುಕೊಂಡು ಬತ್ತಿಹೋಗಿದ್ದರು. ಎರಡನೆಯ ಮಗುವಾಗಿದ್ದವನು ಮಾತ್ರ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರತಿ ತೆಗೆಯುವ ಯಂತ್ರವನ್ನು ನಡೆಸುತ್ತಾ, ಮೇಲಧಿಕಾರಿಯ ಮೆಚ್ಚುಗೆ ಪಡೆದು ಬದುಕುತ್ತಿದ್ದ. ಡೊನಾಲ್ಡ್ ಮನೆಯವರು ಶ್ರೀಮಂತರು, ಆ ಬ್ಯಾಂಕು ಅವರ ತಾಯಿಯ ಕಡೆಯವರದ್ದೇ ಎಂಬುದನ್ನೂ ಹೇಳಬೇಕು. ನಮ್ಮ ತಾತ ಬ್ಯಾಂಕು ಕಟ್ಟಿರಲಿಲ್ಲ. ಬೇಕರಿ ಇಟ್ಟಿದ್ದರು. ಆದರೆ ಆ ರೈತನ ಬಳಿ ಏನಿತ್ತು? ಬಾವಿ ಮತ್ತು ಜೋಳದ ಹೊಲ.

ನಮ್ಮ ಮೊದಲ ಪ್ರಯೋಗ ಬೇಕರಿಯಲ್ಲೇ ನಡೆಯಿತು, ನಡೆದು ಸೋತಿತು. ಬಿಸ್ಕತ್ತುಗಳನ್ನು ಅವನು ಎಷ್ಟು ಚೆನ್ನಾಗಿ ಜೋಡಿಸಿದನೆಂದರೆ ಗಿರಾಕಿಗಳಿಗೆ ತೆಗೆಯಲು ಬಿಡಲಿಲ್ಲ. ಒಂದು ತೆಗೆದರೆ ಸಾಲು ಕೆಡುತ್ತಿತ್ತು. ಒಲೆಯ ಸೆಕೆ, ಜನರ ಗದ್ದಲ ಬೇರೆ. ಮೂರನೆಯ ದಿನ ತಟ್ಟೆ ಬಿಸಾಡಿದ. ನಮ್ಮದೇ ಅಂಗಡಿ ಇರುವಾಗ ಬೇರೆ ಕಡೆ ಯಾಕೆ ಎಂದು ನಾವು ನಾವೇ ತೀರ್ಮಾನಿಸಿದ್ದೆವು. ಆಗಲೂ ಅವನನ್ನು ಕೇಳಿರಲಿಲ್ಲ.

ಆ ವಾರ ಮಸೀದಿಯ ದರ್ಸ್‌ನಲ್ಲಿ ಇಮಾಮ್ ಸಾಹೇಬರು ಪವಿತ್ರ ಕುರ್‌ಆನಿನ 'ಅನ್ನಿಸಾ' ಅಧ್ಯಾಯವನ್ನು ವಿವರಿಸುತ್ತಿದ್ದರು. ಐದನೆಯ ವಚನ ನಮಗೆ ಗೊತ್ತಿದ್ದದ್ದೇ. ವಿವೇಚನೆ ಸಾಲದವರ ಕೈಗೆ ಸಂಪತ್ತನ್ನು ಒಪ್ಪಿಸಬೇಡಿ, ಅದರಿಂದ ಅವರಿಗೆ ಉಣಬಡಿಸಿ, ಉಡಿಸಿ, ಒಳ್ಳೆಯ ಮಾತಾಡಿ ಎಂಬ ಆಶಯ. ಭಾವ ಬಿಟ್ಟುಹೋದ ಎರಡು ಮಳಿಗೆಗಳ ಬಾಡಿಗೆ ನಮ್ಮ ಕೈಗೇ ಬರುತ್ತಿತ್ತು. ನಾವು ಉಣಿಸಿದ್ದೆವು, ಉಡಿಸಿದ್ದೆವು. ಕರ್ತವ್ಯ ಮುಗಿಯಿತೆಂದು ಅಲ್ಲೇ ನಿಂತಿದ್ದೆವು. ಇಮಾಮ್ ಸಾಹೇಬರು ಆರನೆಯ ವಚನಕ್ಕೆ ಬಂದರು. ಅನಾಥರನ್ನು ಪ್ರಾಯಕ್ಕೆ ಬರುವವರೆಗೆ ಪರೀಕ್ಷಿಸುತ್ತಿರಿ, ವಿವೇಕ ಕಂಡರೆ ಅವರ ಸೊತ್ತನ್ನು ಅವರಿಗೆ ಒಪ್ಪಿಸಿ, ಒಪ್ಪಿಸುವಾಗ ಸಾಕ್ಷಿಗಳಿರಲಿ ಎಂಬುದು ಅದರ ತಾತ್ಪರ್ಯ. ಪರೀಕ್ಷಿಸುವುದೆಂದರೆ ಹುಡುಗನ ಕೈಗೆ ಸ್ವಲ್ಪ ಹಣ ಕೊಟ್ಟು ಸಣ್ಣ ವ್ಯವಹಾರ ಮಾಡಿಸಿ ನೋಡುವುದು ಎಂದು ವ್ಯಾಖ್ಯಾನಕಾರರು ಹೇಳಿದ್ದಾರೆಂದು ಅವರು ವಿವರಿಸಿದರು. ನಾವು ತಲೆ ತಗ್ಗಿಸಿ ಕುಳಿತೆವು. ಮುನ್ನಾನ ಕೈಗೆ ನಾವು ಹತ್ತು ರೂಪಾಯಿಯನ್ನೂ ಕೊಟ್ಟು ನೋಡಿರಲಿಲ್ಲ.

ಟೀಚರ್ ಹೇಳಿದಂತೆ ಮೊದಲಿನಿಂದ ಶುರು ಮಾಡಿದೆವು. ಶಾಲೆ ಮುಗಿಯಿತೆಂದು ಅವನಿಗೆ ತಿಳಿಸುವುದೇ ಮೊದಲ ಕೆಲಸ. ಗೋಡೆಯ ಮೇಲೆ ಬಸ್ಸಿನ ಫೋಟೋ ಅಂಟಿಸಿ, ಅವನ ಕೈಯಿಂದಲೇ ಅದರ ಮೇಲೆ ಕೆಂಪು ಗೆರೆ ಎಳೆಸಿ, ಪಕ್ಕದಲ್ಲಿ ಅಂದಿನ ಕೆಲಸಗಳ ಚಿತ್ರಗಳನ್ನು ಸಾಲಾಗಿ ಇಟ್ಟೆವು. ಒಂದು ವಾರದಲ್ಲಿ ಗೇಟಿನ ಬಳಿ ನಿಲ್ಲುವುದು ನಿಂತಿತು. ಒಂದು ವಾರ! ಮಾರ್ಚ್ ತಿಂಗಳಲ್ಲೇ ಇದನ್ನು ಮಾಡಿದ್ದರೆ ಅವನ ಕೈಯ ಮೇಲೆ ಆ ಹಲ್ಲಿನ ಕಲೆಗಳು ಇರುತ್ತಿರಲಿಲ್ಲ.

ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಅವನು ಒಬ್ಬನೇ ಮಾಡುವುದು, ನೆನಪಿಸಿದರೆ ಮಾಡುವುದು, ಕೈ ಹಿಡಿದು ಮಾಡಿಸಬೇಕಾದದ್ದು ಎಂದು ಮೂರು ಪಟ್ಟಿ ಬರೆದೆವು. ಆಪಾ ಆಗಲೂ ಅವನಿಗೆ ಸ್ನಾನ ಮಾಡಿಸುತ್ತಿದ್ದರು ಎಂಬುದು ಬರೆಯುವಾಗಲೇ ನಮ್ಮ ಅರಿವಿಗೆ ಬಂದದ್ದು. ಹಯಾ, ಪರ್ದಾ ಎಂದು ಇಷ್ಟೆಲ್ಲ ಮಾತಾಡುವ ಮನೆ ನಮ್ಮದು. ಪ್ರಾಯಕ್ಕೆ ಬಂದ ಗಂಡುಮಗನ ಮಾನದ ಬಗ್ಗೆ ನಾವು ಯೋಚಿಸಿರಲಿಲ್ಲ, ತಾಯಿಯ ಸಂಕೋಚದ ಬಗ್ಗೆಯೂ. ಸ್ನಾನವನ್ನು ಹನ್ನೊಂದು ಚಿತ್ರಗಳಾಗಿ ಬಿಡಿಸಿ ಬಚ್ಚಲಲ್ಲಿ ತೂಗುಹಾಕಿ, ಗಂಡಸರು ಸರದಿಯಲ್ಲಿ ಹೊರಗೆ ನಿಂತು ಕಲಿಸಿದೆವು. ನಾಲ್ಕು ತಿಂಗಳು ಹಿಡಿಯಿತು. ಕಂಡವರನ್ನೆಲ್ಲ ತಬ್ಬಿಕೊಳ್ಳುವುದು ಚಿಕ್ಕಂದಿನಲ್ಲಿ ಮುದ್ದಾಗಿತ್ತು. ಈಗ ಅದರಿಂದ ಪಕ್ಕದ ಮನೆಯ ಹೆಣ್ಣುಮಕ್ಕಳು ಬೆದರುತ್ತಿದ್ದರು. ತಬ್ಬುವುದರ ಬದಲು ಒಂದು ಹೆಜ್ಜೆ ದೂರ ನಿಂತು ಸಲಾಂ ಹೇಳುವುದನ್ನು ರೂಢಿ ಮಾಡಿಸಿದೆವು. ಹಿಂದೂ ಮುಸ್ಲಿಂ ಎನ್ನದೆ ಬೀದಿಯವರೆಲ್ಲ ಈಗ ಅವನಿಗೆ ಸಲಾಂ ಎನ್ನುತ್ತಾರೆ.

ಕೆಲಸದ ವಿಷಯದಲ್ಲಿ ಈ ಸಲ ಅವನನ್ನೇ ಕೇಳಿದೆವು. ಕೇಳುವುದೆಂದರೆ ಮಾತಿನಲ್ಲಲ್ಲ. ಬೇಕರಿ, ದರ್ಜಿ ಅಂಗಡಿ, ನರ್ಸರಿ ತೋಟ, ಗಾಂಧಿ ಬಜಾರಿನ ಆಚೆಗಿರುವ ಒಂದು ಪ್ರೆಸ್ಸು, ಹೀಗೆ ನಾಲ್ಕು ಕಡೆ ಕರೆದೊಯ್ದು ಒಂದೊಂದು ಗಂಟೆ ಕೂರಿಸಿದೆವು. ಮನೆಗೆ ಬಂದು ಫೋಟೋಗಳನ್ನು ಮುಂದಿಟ್ಟೆವು. ಬೇಕರಿಯ ಫೋಟೋವನ್ನು ಮಗುಚಿ ಹಾಕಿದ. ಪ್ರೆಸ್ಸಿನದನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಎರಡು ದಿನ ಬಿಟ್ಟು ಮತ್ತೆ ಕೇಳಿದಾಗಲೂ ಅಷ್ಟೇ.

ಆ ಪ್ರೆಸ್ಸಿನಲ್ಲಿ ಅಂಗಡಿಗಳ ಬಿಲ್ ಪುಸ್ತಕ ಮಾಡುತ್ತಾರೆ. ಬಿಳಿ ಹಾಳೆಗೂ ಅದರ ಕೆಳಗಿನ ಗುಲಾಬಿ ಹಾಳೆಗೂ ಒಂದೇ ನಂಬರ್ ಇರಬೇಕು, ಯಾವ ನಂಬರೂ ಹಾರಬಾರದು. ಅದನ್ನು ನೋಡಿ ಜೋಡಿಸುವುದು ಮುನ್ನಾನ ಕೆಲಸ. ನಮ್ಮ ಮೊದಲ ಕಥಾಸಂಕಲನ ಅಚ್ಚಾದದ್ದು ಅಲ್ಲೇ, ಯಜಮಾನರು ಹಳೆಯ ಪರಿಚಯ. "ಕಟಿಂಗ್ ಮಷಿನ್ ಹತ್ರ ಬಿಡೋದಿಲ್ಲ ಸಾಹೇಬ್ರೆ, ಮಿಕ್ಕಿದ್ದು ನೋಡೋಣ" ಎಂದರು. ದುಡ್ಡೇನೂ ಬೇಡ, ಕೂರಲು ಜಾಗ ಕೊಟ್ಟರೆ ಸಾಕು ಎಂದು ನಾವು ಅಂದಾಗ ಅವರಿಗೆ ಸಿಟ್ಟು ಬಂತು. "ಪುಕ್ಕಟೆ ಮಾಡಿಸಿಕೊಂಡ್ರೆ ಅದಕ್ಕೆ ಕೆಲಸ ಅಂತಾರಾ?" ಎಂದರು. ಉಳಿದವರಿಗೆ ಕೊಡುವ ಹಾಗೆಯೇ ಪುಸ್ತಕಕ್ಕೆ ಇಷ್ಟೆಂದು ಲೆಕ್ಕ ಹಿಡಿದರು.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಎರಡನೆಯ ವಾರ, ಅರ್ಧ ಜೋಡಿಸಿದ್ದ ಪುಸ್ತಕವನ್ನು ತೆಗೆದಿಟ್ಟು ಅರ್ಜೆಂಟ್ ಕೆಲಸವೊಂದನ್ನು ಅವನ ಮುಂದಿಟ್ಟರು. ಅವನು ಕಿರುಚಿ, ಕೈ ಕಚ್ಚಿಕೊಂಡು, ಹಾಳೆಗಳನ್ನೆಲ್ಲ ಚೆಲ್ಲಿದ. ಗಿರಾಕಿಗಳು ಹೆದರಿ ಹೊರಗೆ ಹೋದರು. ಇನ್ನು ಮುಗಿಯಿತು ಎಂದುಕೊಂಡು ನಾವು ಓಡಿದೆವು. ಯಜಮಾನರು, "ಏನು ಮಾಡಿದ್ರೆ ಹೀಗಾಗಲ್ಲ, ಅದನ್ನ ಹೇಳಿ" ಎಂದರು. ಟೀಚರ್ ಎರಡು ಚೀಟಿ ಮಾಡಿಕೊಟ್ಟರು. ಒಂದರಲ್ಲಿ 'ಈಗ', ಇನ್ನೊಂದರಲ್ಲಿ 'ಆಮೇಲೆ'. ಕೆಲಸ ಬದಲಾಗುವುದಿದ್ದರೆ ಐದು ನಿಮಿಷ ಮೊದಲೇ ಆ ಚೀಟಿಗಳನ್ನು ಇಡಬೇಕು. ಕೆಲಸವನ್ನು ಕಲಿತದ್ದು ಹುಡುಗನೊಬ್ಬನೇ ಅಲ್ಲ, ಪ್ರೆಸ್ಸೂ ಕಲಿಯಿತು. ಈಗ ದಿನಕ್ಕೆ ಮೂರು ಗಂಟೆ ಹೋಗುತ್ತಾನೆ. ದಾರಿಯಲ್ಲಿ ಎರಡು ಕಡೆ ರಸ್ತೆ ದಾಟಬೇಕು. ಮೊದಲು ಜೊತೆಯಲ್ಲಿ ನಡೆದೆವು, ಈಗ ಹತ್ತು ಹೆಜ್ಜೆ ಹಿಂದೆ ನಡೆಯುತ್ತೇವೆ. ಅದಕ್ಕಿಂತ ಹಿಂದೆ ಉಳಿಯಲು ನಮಗಿನ್ನೂ ಧೈರ್ಯವಿಲ್ಲ.

ಶನಿವಾರ ಕೈಗೆ ಬಂದ ದುಡ್ಡಿನಲ್ಲಿ ಸ್ವಲ್ಪ ಅವನದ್ದೇ. ಮೊದಲ ಶನಿವಾರ ಅವನು ನೆಟ್ಟಗೆ ಹೋಗಿ ಎದುರು ಬೀದಿಯ ಬೇಕರಿಯಲ್ಲಿ ರಸ್ಕ್ ಕೊಂಡ. ನಮ್ಮದರಲ್ಲಲ್ಲ! ಚಿಲ್ಲರೆ ಎಣಿಸಿ ತೆಗೆದುಕೊಂಡ. ಅಮ್ಮಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಆರನೆಯ ವಚನದ ಪರೀಕ್ಷೆಯಲ್ಲಿ ಹುಡುಗ ಅಷ್ಟರಮಟ್ಟಿಗೆ ಪಾಸಾಗಿದ್ದ.

ಆದರೆ ಎರಡು ಮಳಿಗೆಗಳ ಆಸ್ತಿಯನ್ನು ಅವನು ನಿಭಾಯಿಸಲಾರ. ಇಂಥ ಮನೆಗಳವರು ತಿಳಿದಿರಬೇಕಾದ ಒಂದು ವಿಷಯವಿದೆ. ಹದಿನೆಂಟು ತುಂಬಿದ ದಿನವೇ ಕಾನೂನಿನ ಕಣ್ಣಿನಲ್ಲಿ ಮಗ ಸ್ವತಂತ್ರ. ಮಗುವೆಂಬ ಕಾರಣಕ್ಕಿದ್ದ ಪಾಲಕತ್ವ ಅಲ್ಲಿಗೆ ಮುಗಿಯಿತು. ಬ್ಯಾಂಕಿನವರು ಅವನ ಸಹಿಯನ್ನೇ ಕೇಳುತ್ತಾರೆ. ಆಟಿಸಂ ಸೇರಿದಂತೆ ನಾಲ್ಕು ಬಗೆಯ ವೈಕಲ್ಯವಿರುವವರಿಗಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. ಅದರ ಪ್ರಕಾರ ಜಿಲ್ಲಾಧಿಕಾರಿ, ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನ ವ್ಯಕ್ತಿ ಇರುವ ಸ್ಥಳೀಯ ಮಟ್ಟದ ಸಮಿತಿಯು ಪಾಲಕರನ್ನು ನೇಮಿಸುತ್ತದೆ. ನೇಮಕವಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ಇದನ್ನು ಓದಿದಾಗ ನಮಗೆ ಆರನೆಯ ವಚನದ ಸಾಕ್ಷಿಗಳೇ ನೆನಪಾದರು. ಅದೇ ನ್ಯಾಸದ 'ನಿರಾಮಯ' ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯವಿದೆ. ಇವೆಲ್ಲಕ್ಕೂ ಬೇಕಾದದ್ದು ವೈಕಲ್ಯದ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡು. ಹಳ್ಳಿಯವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು. ಮಗುವಿಗೆ ಹದಿನೇಳು ಇರುವಾಗಲೇ ಈ ಕಾಗದಗಳನ್ನು ಸರಿಮಾಡಿಟ್ಟುಕೊಳ್ಳಿ. ನಾವು ತಡಮಾಡಿ ಎರಡು ವರ್ಷ ಅಲೆದೆವು.

ಮೊಹಲ್ಲಾಗಳಲ್ಲಿ ಪರದೆಯ ಹಿಂದೆ ಇಂಥ ಮಕ್ಕಳು ಎಷ್ಟು ಜನರಿದ್ದಾರೆಂಬುದು ನಮ್ಮ ಮನೆಯ ಸುದ್ದಿ ಹರಡಿದ ಮೇಲೆ ನಮಗೆ ತಿಳಿಯತೊಡಗಿತು. ತಾಯಂದಿರು ಆಪಾರನ್ನು ಹುಡುಕಿಕೊಂಡು ಬರುತ್ತಾರೆ. ಎಲ್ಲರ ಪ್ರಶ್ನೆ ಒಂದೇ, ನಾವು ಹೋದ ಮೇಲೆ ಏನು? ಆಪಾ ಅವರಿಗೆ, "ಹೋದ ಮೇಲಿನದ್ದು ಅಲ್ಲಾಹನಿಗೆ ಗೊತ್ತು. ಮಗುವಿಗೆ ವಯಸ್ಸೆಷ್ಟು, ಒಬ್ಬನೇ ಏನೇನು ಮಾಡ್ತಾನೆ, ಮೊದಲು ಅದನ್ನು ಹೇಳಿ" ಎನ್ನುತ್ತಾರೆ.

ಹಾಗೆಂದು ಆಪಾರಿಗೆ ಆ ಪ್ರಶ್ನೆ ಇಲ್ಲವೆಂದಲ್ಲ. ಅವರಿಗೆ ಸಕ್ಕರೆ ಕಾಯಿಲೆ, ಕಾಲು ಊದುತ್ತದೆ. ಎಲ್ಲದಕ್ಕೂ ಚಿತ್ರ ಮಾಡಿದ ನಮಗೆ ಅಮ್ಮನಿಲ್ಲದ ಮನೆಯ ಚಿತ್ರವನ್ನು ಮಾತ್ರ ಗೋಡೆಗೆ ಅಂಟಿಸಲು ಆಗಿಲ್ಲ. ಅದಕ್ಕೆ ಬೇರೆ ದಾರಿ ಹಿಡಿದಿದ್ದೇವೆ. ತಮ್ಮ ಈಗ ಹಿಂದಿನ ಬೀದಿಯಲ್ಲಿ ಬೇರೆ ಮನೆ ಮಾಡಿದ್ದಾನೆ. ಪ್ರತಿ ಗುರುವಾರ ರಾತ್ರಿ ಮುನ್ನಾ ತನ್ನ ದಿಂಬು ಹಿಡಿದುಕೊಂಡು ಅಲ್ಲಿಗೆ ಹೋಗಿ ಮಲಗುತ್ತಾನೆ. ಮೊದಲ ಎರಡು ಗುರುವಾರ ನಡುರಾತ್ರಿ ಎದ್ದು ವಾಪಸ್ ಬಂದ. ಮೂರನೆಯ ಗುರುವಾರ ಬರಲಿಲ್ಲ. ಆ ರಾತ್ರಿ ಆಪಾ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಫಜರ್ ಮುಗಿಸಿ ಗೇಟಿನ ಬಳಿ ಹೋಗಿ, ಮಗ ಬರುವ ದಾರಿ ನೋಡುತ್ತಾ ನಿಂತಿದ್ದರು.